ಸತ್ಯಾಂಶ: ಸೀತೆಯ ನಂತರ ದೀಪಿಕಾ ಬಣ್ಣ ಹಚ್ಚಲೇ ಇಲ್ಲವೇ?

ದೂರದರ್ಶನದ 'ರಾಮಾಯಣ'ದಲ್ಲಿ ಸೀತೆಯಾಗಿದ್ದ ದೀಪಿಕಾ ಚಿಖಲಿಯಾ ಅವರಿಗೆ ಅದೇ ಮೊದಲ ಪಾತ್ರ, ಅದೇ ಕೊನೆಯದೂ ಹೌದು, ಆ ಪಾವಿತ್ರ್ಯ ಕೆಡಬಾರದೆಂದು ಅವರು ಮತ್ತೆ ನಟಿಸಲಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಭಕ್ತಿಯಿಂದ ಹಂಚುವವರೇ ಹೆಚ್ಚು. ಆದರೆ ಇದು ನಿಜವಲ್ಲ.

1987ರ ಜನವರಿಯಲ್ಲಿ ಧಾರಾವಾಹಿ ಆರಂಭವಾಗುವ ಮೊದಲೇ ಅವರು ನಟಿಯಾಗಿದ್ದರು. 1983ರಲ್ಲಿ ಹಿಂದಿ ಚಿತ್ರರಂಗಕ್ಕೆ ಬಂದವರು, 'ರಾಮಾಯಣ'ದ ನಿರ್ದೇಶಕ ರಮಾನಂದ ಸಾಗರ್ ಅವರದೇ 'ವಿಕ್ರಮ್ ಔರ್ ಬೇತಾಳ್' ಧಾರಾವಾಹಿಯಲ್ಲಿ, ಮುಂದೆ ರಾಮನಾದ ಅರುಣ್ ಗೋವಿಲ್ ಜೊತೆ ಕಾಣಿಸಿಕೊಂಡಿದ್ದರು.

ನಂತರದ ಕಥೆಯನ್ನಂತೂ ಕನ್ನಡಿಗರು ಮರೆಯಬಾರದು. 1989ರ 'ಇಂದ್ರಜಿತ್'ನಲ್ಲಿ ಅಂಬರೀಷ್ ಅವರಿಗೆ, 1990ರ 'ಹೊಸ ಜೀವನ'ದಲ್ಲಿ ಶಂಕರ್ ನಾಗ್ ಅವರಿಗೆ ನಾಯಕಿಯಾದವರು ಇದೇ ದೀಪಿಕಾ. 'ಹೊಸ ಜೀವನ'ದಲ್ಲಿ ಅವರದು ಪುರಾಣದ ಪಾತ್ರವಲ್ಲ, ಒರಟನೊಬ್ಬನ ಬದುಕನ್ನು ಬದಲಿಸುವ ಹೆಣ್ಣಿನ ಪಾತ್ರ. ಶಂಕರ್ ನಾಗ್ ಅಗಲಿದ ವರ್ಷವೇ ಬಂದ ಆ ಚಿತ್ರವನ್ನು ನಮ್ಮಲ್ಲಿ ಇಂದಿಗೂ ಪ್ರೀತಿಯಿಂದ ನೋಡುತ್ತಾರೆ. ಟಿಪ್ಪು ಸುಲ್ತಾನ್ ಕುರಿತ ಹಿಂದಿ ಧಾರಾವಾಹಿಯಲ್ಲಿ ಟಿಪ್ಪುವಿನ ತಾಯಿಯಾಗಿಯೂ ಅವರು ನಟಿಸಿದರು.

1991ರಲ್ಲಿ ಬಿಜೆಪಿಯಿಂದ ಬರೋಡಾ ಕ್ಷೇತ್ರದ ಸಂಸದೆಯಾದರು. ಮದುವೆಯಾದ ಮೇಲೆ ತೆರೆಯಿಂದ ಬಹುಕಾಲ ದೂರವಿದ್ದುದು ನಿಜ. ವದಂತಿಗೆ ಬೇರು ಬಹುಶಃ ಇಲ್ಲಿರಬಹುದು. ಆದರೆ 2019ರ ಹಿಂದಿ ಚಿತ್ರ 'ಬಾಲಾ'ದಲ್ಲಿ ಅವರು ನಾಯಕಿಯ ತಾಯಿಯಾಗಿ ಮರಳಿದ್ದರು. ಮರುವರ್ಷ ಲಾಕ್‌ಡೌನ್‌ನಲ್ಲಿ 'ರಾಮಾಯಣ' ಮರುಪ್ರಸಾರವಾದಾಗ ಹೊಸ ತಲೆಮಾರಿನವರೂ ಅವರನ್ನು ಸೀತೆಯಾಗಿ ಕಂಡರು.