ಬಸುರಿಗೆ ಎಷ್ಟು ಮಾತ್ರೆ?

2021ರ ಮೇ ತಿಂಗಳು. ತಂಗಿಗೆ ಆಗ ಏಳು ತಿಂಗಳು. ಕೋವಿಡ್ ಲಸಿಕೆಗೆ ಅಂತ ಹೋದವಳನ್ನು "ಬಸುರಿಯರಿಗೆ ಇಲ್ಲಮ್ಮ" ಎಂದು ವಾಪಸ್ ಕಳಿಸಿದರು. ಲಸಿಕೆ ಕೊಡಲು ಶುರುವಾದದ್ದು ಜನವರಿ 16ಕ್ಕೆ, ಬಸುರಿಯರಿಗೆ ಒಪ್ಪಿಗೆ ಸಿಕ್ಕಿದ್ದು ಜುಲೈ 2ಕ್ಕೆ. ಎರಡನೇ ಅಲೆ ಪೂರ್ತಿ ಅವಳು ಬಾಗಿಲು ಹಾಕಿಕೊಂಡು ಕೂತಿದ್ದಳು.

ಆವತ್ತಿನಿಂದ ಇಂಥ ವಿಷಯ ಓದುತ್ತಾ ಹೋದೆ. ಹಾಗೆ ಸಿಕ್ಕಿದ್ದು ಅಮೆರಿಕದ ಆಂಥ್ರಾಕ್ಸ್ ಕಥೆ. ನಮ್ಮಲ್ಲಿ ದನಕುರಿಗಳಿಗೆ ಬರುವ ನೆರಡಿ ರೋಗ ಇದೆಯಲ್ವಾ, ಅದೇ. 2001ರಲ್ಲಿ ಯಾರೋ ಅದರ ರೋಗಾಣುವಿನ ಪುಡಿಯನ್ನು ಲಕೋಟೆಗೆ ತುಂಬಿ ಮಾಧ್ಯಮ ಕಚೇರಿಗಳಿಗೆ, ಸೆನೆಟರ್‌ಗಳಿಗೆ ಅಂಚೆಯಲ್ಲಿ ಕಳಿಸಿದರು. 22 ಜನಕ್ಕೆ ರೋಗ ಬಂತು, 5 ಜನ ಸತ್ತರು. ನ್ಯೂಯಾರ್ಕ್‌ನಲ್ಲಿ ಅಮ್ಮನ ಆಫೀಸಿಗೆ ಹೋಗಿ ಬಂದ ಏಳು ತಿಂಗಳ ಮಗುವಿಗೂ ತಗುಲಿತು. ಮೊದಲು ಜೇಡ ಕಚ್ಚಿದೆ ಅಂದುಕೊಂಡಿದ್ದರಂತೆ.

ಆ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ವಾರಗಟ್ಟಲೆ ಸುಮ್ನೆ ಇದ್ದು ಆಮೇಲೆ ಕೆರಳಬಹುದು. ಅದಕ್ಕೇ ಸುಮಾರು 10,000 ಜನರಿಗೆ 60 ದಿನ ಆಂಟಿಬಯಾಟಿಕ್ ತಗೊಳ್ಳಲು ಹೇಳಿದರು. ಆದರೆ ಬಸುರಿಗೆ ಯಾವುದನ್ನು ಕೊಡುವುದು? ಡಾಕ್ಸಿಸೈಕ್ಲಿನ್ ಕೊಟ್ಟರೆ ಮಗುವಿನ ಹಲ್ಲು, ಮೂಳೆಗೆ ತೊಂದರೆ ಎಂಬ ಭಯ. ಸಿಪ್ರೊಫ್ಲಾಕ್ಸಾಸಿನ್ ಎಳೆಯ ಪ್ರಾಣಿಗಳ ಕೀಲುಗಳಿಗೆ ಪೆಟ್ಟು ಕೊಟ್ಟಿತ್ತು. ಆದರೂ ರೋಗ ಅದಕ್ಕಿಂತ ದೊಡ್ಡ ಅಪಾಯ ಅಂತ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸಿಪ್ರೊಫ್ಲಾಕ್ಸಾಸಿನ್ ಅನ್ನೇ ಕೊಡಿ ಎಂದಿತು. ರೋಗಾಣು ಪೆನಿಸಿಲಿನ್‌ಗೆ ಬಗ್ಗುವಂಥದ್ದಾದರೆ ಅದೇ ಜಾತಿಯ ಅಮಾಕ್ಸಿಸಿಲಿನ್‌ಗೆ ಬದಲಾಯಿಸಬಹುದು, 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ ಎಂದೂ ಆಗ ಹೇಳಿತ್ತು.

ಅಲ್ಲೇ ನನ್ನ ಹೊಟ್ಟೆ ಉರಿಯುವುದು. ಬಸುರಿಯ ಕಿಡ್ನಿ ಜಾಸ್ತಿ ಕೆಲಸ ಮಾಡುತ್ತದೆ, ಔಷಧಿಯನ್ನು ಬೇಗ ಹೊರಗೆ ಹಾಕುತ್ತದೆ. ಕೆಲವು ವರ್ಷ ಕಳೆದ ಮೇಲೆ ಬಸುರಿಯರಲ್ಲೇ ಅಳೆದು ನೋಡಿದರೆ, ಆಂಥ್ರಾಕ್ಸ್ ತಡೆಯುವಷ್ಟು ಅಮಾಕ್ಸಿಸಿಲಿನ್ ರಕ್ತದಲ್ಲಿ ನಿಲ್ಲುವುದೇ ಕಷ್ಟ ಅಂತ ಗೊತ್ತಾಯಿತು! ಎಷ್ಟೋ ವರ್ಷದಿಂದ ಬಸುರಿಯರಿಗೆ ಕೊಡುತ್ತಾ ಬಂದಿರುವ ಮಾತ್ರೆ ಅದು. ಅವಳನ್ನು ಕಾಪಾಡುತ್ತೇವೆ ಅಂತ ಔಷಧಿ ಪರೀಕ್ಷೆಗಳಿಂದ ದೂರ ಇಡುತ್ತೇವೆ, ಕೊನೆಗೆ ಆಪತ್ತು ಬಂದಾಗ ಅವಳಿಗೆ ಎಷ್ಟು ಮಾತ್ರೆ ಅಂತ ಊಹೆ ಮಾಡುತ್ತಾ ಕೂರುತ್ತೇವೆ. ಕೋವಿಡ್ ಲಸಿಕೆಯ ಮೊದಲ ಪರೀಕ್ಷೆಗಳಲ್ಲೂ ಬಸುರಿಯರನ್ನು ಸೇರಿಸಿರಲಿಲ್ಲ. ಇದಕ್ಕೆ ಕಾಳಜಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಮಾತು. ಆಪತ್ತಿನಲ್ಲಿ ಮರೆತುಹೋಗುವವರು ಬಸುರಿಯರಷ್ಟೇ ಅಲ್ಲ. 2001ರಲ್ಲಿ ವಾಷಿಂಗ್ಟನ್‌ನ ಸೆನೆಟ್ ಕಚೇರಿಯಲ್ಲಿ ಲಕೋಟೆ ತೆರೆದದ್ದು ಅಕ್ಟೋಬರ್ 15. ಅಲ್ಲಿನ ಸಿಬ್ಬಂದಿಗೆ ತಕ್ಷಣ ಮಾತ್ರೆ ಸಿಕ್ಕಿತು. ಅದೇ ಲಕೋಟೆ ಹಾದು ಬಂದ ಬ್ರೆಂಟ್‌ವುಡ್ ಅಂಚೆ ಕೇಂದ್ರ ಮುಚ್ಚಿದ್ದು 21ಕ್ಕೆ. ಅಲ್ಲಿನ ಇಬ್ಬರು ಕೆಲಸಗಾರರು ಆಂಥ್ರಾಕ್ಸ್‌ನಿಂದ ತೀರಿಹೋದರು.

ನಮ್ಮಲ್ಲಿ ಪ್ರತಿ ಆಶಾ ಅಕ್ಕನ ಪುಸ್ತಕದಲ್ಲೂ ಯಾವ ಮನೆಯಲ್ಲಿ ಯಾರಿಗೆ ಎಷ್ಟನೇ ತಿಂಗಳು ಅಂತ ಬರೆದಿರುತ್ತದೆ. ಬಸುರಿಯರ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಜೈವಿಕ ದಾಳಿಯೋ ಹೊಸ ರೋಗವೋ ಬಂದರೆ ಏನು ಮಾಡಬೇಕು ಎಂದು ಯೋಜನೆ ಬರೆಯುವ ಅಧಿಕಾರಿಗಳು ಮೊದಲು ಆ ಪುಸ್ತಕ ತೆರೆಯಲಿ. ಈ ಹೆಣ್ಣುಮಕ್ಕಳಿಗೆ ಯಾವ ಮಾತ್ರೆ, ಎಷ್ಟು, ಮನೆಗೆ ತಲುಪಿಸುವವರು ಯಾರು, ಬಾಣಂತಿ ಎದೆಹಾಲು ಕೊಡಬಹುದಾ, ಊರಿಗೆ ಊರೇ ದಿಗ್ಬಂಧನದಲ್ಲಿ ಇದ್ದಾಗ ರಾತ್ರಿ ಹೆರಿಗೆ ನೋವು ಬಂದರೆ ಯಾವ ಆಸ್ಪತ್ರೆ, ಇಷ್ಟಕ್ಕೂ ಈಗಲೇ ಉತ್ತರ ಬರೆದಿಡಲಿ.