ಲ್ಯಾಪ್‌ಟಾಪ್‌ನಿಂದ ಎಂಎಸ್ ಬರಲ್ಲ, ಕಾಕಾ

ನಿನ್ನೆ ವಿದ್ಯಾನಗರದಲ್ಲಿ ಗೃಹಪ್ರವೇಶದ ಊಟ. ಗೋಧಿ ಹುಗ್ಗಿ ಭಾಳ ಚೆನ್ನಾಗಿತ್ತು, ಆಮೇಲೆ ತಲೆ ಕೆಟ್ಟಿತು. ನನಗೆ ಎಂಎಸ್ ಇದೆ. ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮೈಯ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಪೊರೆಯನ್ನು ಹಾಳುಮಾಡುವ ಕಾಯಿಲೆ. ನನ್ನ ಕೈಯಲ್ಲಿನ ಕೋಲು ನೋಡಿ ಕಾಕಾ ಒಬ್ಬರು, "ದಿನಾ ಏಸಿ ಒಳಗ ಲ್ಯಾಪ್‌ಟಾಪ್ ಹಿಡಕೊಂಡು ಕುಂತ್ರ ನರ ಇನ್ನೇನ್ ಆಗ್ತಾವ?" ಎಂದರು. ಹೇಳುತ್ತಲೇ ಸಿಗರೇಟಿನ ಹೊಗೆಯನ್ನು ನೇರ ನನ್ನ ಮುಖಕ್ಕೆ ಬಿಟ್ಟರು.

ತಮಾಷೆ ಗೊತ್ತಾ? ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಲ್ಯಾಪ್‌ಟಾಪ್ ಇಲ್ಲ. ಏಸಿ ಇಲ್ಲ. ಹೊಗೆ ಇದೆ! ಸೇದುವವರಿಗೂ, ಪಕ್ಕದಲ್ಲಿ ನಿಂತು ಆ ಹೊಗೆ ಕುಡಿಯುವವರಿಗೂ. ಏಸಿಯಂತೂ ನನ್ನ ಪಾಲಿನ ದೇವರು. ಏಪ್ರಿಲ್ ಬಿಸಿಲಲ್ಲಿ ದುರ್ಗದಬೈಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಎಡಗಣ್ಣು ಮಂಜಾಗುತ್ತದೆ, ಕಾಲು ಹೇಳಿದ ಮಾತು ಕೇಳಲ್ಲ. ಮೈಲಿನ್ ಎಂಬ ಹೊರಪೊರೆ ಹಾಳಾದ ನರ ಮೈ ಬಿಸಿಯಾದರೆ ಸರಿಯಾಗಿ ಕೆಲಸ ಮಾಡಲ್ಲ. ತಣ್ಣಗಾದ ಮೇಲೆ ಮತ್ತೆ ದಾರಿಗೆ ಬರುತ್ತದೆ.

ಕಾರಣವೇ ಬೇಕಾ? ತಗೊಳ್ಳಿ. 2022ರಲ್ಲಿ ಹಾರ್ವರ್ಡ್‌ನವರು ಅಮೆರಿಕದ ಸೇನೆಯ 1 ಕೋಟಿಗೂ ಹೆಚ್ಚು ಜನರ ಮಾಹಿತಿ ಜಾಲಾಡಿದರು. ಎಪ್‌ಸ್ಟೀನ್-ಬಾರ್ ವೈರಸ್ (ಕೆಲವರಿಗೆ ಜ್ವರ, ಗಂಟಲು ಊತ ತರುವಂಥದ್ದು) ತಗುಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಹೆಚ್ಚಿತ್ತು. ಆದರೆ ಆ ವೈರಸ್ ಜಗತ್ತಿನ ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರ ಮೈಯಲ್ಲಿ ಸುಮ್ನೆ ಮಲಗಿದೆ. ಕಾಕಾನ ಮೈಯಲ್ಲೂ ಇದ್ದೀತು. ವಂಶವಾಹಿ ಅಂತೀರಾ? ಒಂದೇ ವಂಶವಾಹಿಯ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಎಂಎಸ್ ಬಂದರೆ ಇನ್ನೊಬ್ಬರಿಗೂ ಬರುವುದು ನಾಲ್ಕರಲ್ಲಿ ಸುಮಾರು ಒಂದು ಸಲ, ಅಷ್ಟೇ. ಹದಿಹರೆಯದ ಬೊಜ್ಜು, ವಿಟಮಿನ್ ಡಿ ಕೊರತೆ ಇವೂ ಸೇರುತ್ತವೆ. ಬಿಸಿಲು ಕಡಿಮೆ ಇರುವ ಸ್ಕಾಟ್ಲೆಂಡ್, ಸ್ವೀಡನ್ ಕಡೆ ಈ ಕಾಯಿಲೆ ನಮ್ಮಲ್ಲಿಗಿಂತ ಎಷ್ಟೋ ಜಾಸ್ತಿ.

"ಹುಬ್ಬಳ್ಳ್ಯಾಗ ಇಷ್ಟು ಬಿಸಿಲೈತಿ, ನಿನಗ್ಯಾಕ ಡಿ ಕಡಿಮಿ?" ಅಂತ ಅತ್ತೆಯ ಪ್ರಶ್ನೆ. ಅತ್ತೆ, "ಬಿಸಿಲಿಗೆ ಹೋಗಬ್ಯಾಡ, ಕಪ್ಪಾಗ್ತಿ, ಗಂಡು ಸಿಗಂಗಿಲ್ಲ" ಅಂದವರು ನೀವೇ ಅಲ್ವಾ?

ಕಾಳಜಿಯಿಂದ ಕೇಳ್ತಾರೆ ಬಿಡು ಅಂತೀರಿ. ಕಾಳಜಿ ಇದ್ದಿದ್ದರೆ ಮೊದಲು ಒಂದು ಕುರ್ಚಿ ಕೊಡುತ್ತಿದ್ದರು. ಶಾಮಿಯಾನದ ಹೊರಗೆ ನಿಲ್ಲಿಸಿಕೊಂಡು ವಿಚಾರಣೆ ನಡೆಸುತ್ತಿರಲಿಲ್ಲ.

ನಿಜ ಹೇಳಲಾ? ರಾತ್ರಿ ನಿದ್ದೆ ಬಾರದಾಗ ನಾನೂ ಇದೇ ವಿಚಾರಣೆ ನಡೆಸುತ್ತೇನೆ. ಧಾರವಾಡದ ಹಾಸ್ಟೆಲ್‌ನಲ್ಲಿದ್ದಾಗ ವಾರಗಟ್ಟಲೆ ಜ್ವರ ಬಂದು ಗಂಟಲು ಊದಿತ್ತಲ್ಲ, ಆ ವೈರಸ್ಸೇನಾ? ಅಪ್ಪನ ಬೀಡಿಯಾ? ಆ 32 ಪಟ್ಟು ಲಕ್ಷಗಟ್ಟಲೆ ಜನರನ್ನು ಎಣಿಸಿ ಬಂದ ಲೆಕ್ಕ. ನನ್ನೊಬ್ಬಳಿಗೆ ಯಾಕೆ ಬಂತು ಎಂದು ನನ್ನ ನ್ಯೂರಾಲಜಿಸ್ಟ್ ಕೂಡ ಹೇಳಲ್ಲ. ಕಾಕಾ ಎರಡು ದಮ್ಮಿನಲ್ಲಿ ಹೇಳಿ ಮುಗಿಸಿದರು.

ಇನ್ನು, ನಾಗದೋಷ ಅಂತ ಹೇಳಿ ಶಾಂತಿ ಪೂಜೆಯ ದರಪಟ್ಟಿ ವಾಟ್ಸಾಪ್‌ಗೆ ಕಳಿಸಿದ ಮಾವಶಿಯನ್ನು ಬೆಳಿಗ್ಗೆಯೇ ಬ್ಲಾಕ್ ಮಾಡಿದ್ದೇನೆ. ಅವ್ವ ಸಿಟ್ಟಾಗಿದ್ದಾಳೆ. ಆಗಲಿ.