ಎಲ್ಲ ಕಡೆ ಸಸಿ ನೆಡಬೇಡಿ ಸ್ವಾಮಿ

ಮಳೆಗಾಲ ಶುರುವಾದರೆ ಸಾಕು, ನಮ್ಮ ಮೈಸೂರಿನಲ್ಲಿ ಸಸಿ ನೆಡುವ ಫೋಟೋಗಳ ಸುಗ್ಗಿ. ನೆಡಲಿ, ಬೇಡ ಅನ್ನಲ್ಲ. ಆದರೆ ‘ಆ ಜೌಗು ಸುಮ್ನೆ ಬಿದ್ದಿದೆ, ಅಲ್ಲೂ ಒಂದಷ್ಟು ಗಿಡ ಹಾಕೋಣ’ ಅಂದರೆ ಮಾತ್ರ ನನಗೆ ಮೈ ಉರಿಯುತ್ತದೆ.

ಜೌಗಿನಲ್ಲಿ ಪೀಟ್ ಅಂತ ಒಂದು ಬಗೆ ಇದೆ. ನೋಡಲು ಕಪ್ಪು ಮಣ್ಣು, ನಿಜವಾಗಿ ಪೂರ್ತಿ ಕೊಳೆಯದೆ ಉಳಿದ ಗಿಡ. ವರ್ಷವಿಡೀ ನೀರು ನಿಂತರೆ ಒಳಗೆ ಗಾಳಿ ಸೇರುವುದಿಲ್ಲ, ಗಾಳಿ ಇಲ್ಲದೆ ಕೊಳೆಯುವುದು ತೀರಾ ನಿಧಾನ. ಸತ್ತ ಎಲೆ, ಬೇರು ಒಂದರ ಮೇಲೊಂದು ಕೂರುತ್ತವೆ. ಬೆಳೆಯುವುದು ವರ್ಷಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್. ಎರಡು ಮೀಟರ್ ಪೀಟ್ ಆಗಲು 2000 ವರ್ಷ! ಮಂಡ್ಯದ ಕೆರೆಗಳಲ್ಲಿ ಇದು ಆಗುವುದಿಲ್ಲ. ಬೇಸಿಗೆಯಲ್ಲಿ ನೀರು ಬತ್ತಿ ತಳ ಬಿರುಕು ಬಿಟ್ಟರೆ ಎಲ್ಲ ಕೊಳೆತು ಮುಗಿಯುತ್ತದೆ, ಉಳಿಯುವುದು ಗೋಡು ಮಾತ್ರ.

ಕೆನಡಾ, ಸೈಬೀರಿಯಾ, ಯುರೋಪಿನ ಉತ್ತರ ಭಾಗದ ಪೀಟ್ ಬಹುಪಾಲು ಹಿಮಯುಗ ಮುಗಿದ ಮೇಲಿನದು. ಹಿಮದ ಹಾಸು ಕರಗಿ ಹಿಂದೆ ಸರಿಯಿತು, ತಗ್ಗುಗಳಲ್ಲಿ ನೀರು ನಿಂತಿತು, ಬೇಸಿಗೆಗಳು ಬೆಚ್ಚಗಾದವು. ಸುಮಾರು 11,000ದಿಂದ 8,000 ವರ್ಷಗಳ ಹಿಂದೆ ಅದು ಹರಡಿದ್ದೇ ಹರಡಿದ್ದು. ಕೆನಡಾದ ಹಡ್ಸನ್ ಕೊಲ್ಲಿಯ ಸುತ್ತ ಮಾತ್ರ ತಡವಾಯಿತು. ಹಿಮದ ಭಾರಕ್ಕೆ ಕುಸಿದಿದ್ದ ಆ ನೆಲದ ಮೇಲೆ ಸಮುದ್ರ ನುಗ್ಗಿತ್ತು. ಭಾರ ಇಳಿದ ಮೇಲೆ ನೆಲ ಮೆಲ್ಲಗೆ ಮೇಲೆದ್ದಿತು, ಆಮೇಲೆ ಪೀಟ್ ಶುರು. ನೆಲ ಇವತ್ತಿಗೂ ಏಳುತ್ತಲೇ ಇದೆಯಂತೆ!

ಇದರಲ್ಲಿ ಸ್ಫ್ಯಾಗ್ನಮ್ ಅನ್ನುವ ಪಾಚಿಯ ಕೈವಾಡ ದೊಡ್ಡದು. ಅದು ತನ್ನ ಒಣ ತೂಕದ ಹತ್ತಾರು ಪಟ್ಟು ನೀರು ಹಿಡಿದುಕೊಳ್ಳುತ್ತದೆ, ಸುತ್ತಲಿನ ನೀರನ್ನು ಹುಳಿ ಮಾಡಿ ಬೇರೆ ಗಿಡಗಳನ್ನು ದೂರ ಇಡುತ್ತದೆ. ಹಾಗೇ ಪಕ್ಕದ ಒಣ ನೆಲಕ್ಕೂ ಹತ್ತುತ್ತದೆ. ಐರ್ಲೆಂಡಿನ ಮೇಯೋದಲ್ಲಿ ನವಶಿಲಾಯುಗದ ರೈತರು ಹೊಲಕ್ಕೆ ಕಟ್ಟಿದ ಕಲ್ಲಿನ ಗೋಡೆಗಳು ಪೀಟಿನ ಅಡಿಯಲ್ಲಿ ಸಿಕ್ಕಿವೆ.

ದೂರದ ಕಥೆ ಅಂದುಕೊಳ್ಳಬೇಡಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಹತ್ತಿದರೆ ಅಲ್ಲೂ ಪೀಟ್ ಇದೆ, ಅದೂ ಯುರೋಪಿನದಕ್ಕಿಂತ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಇದರ ಪದರಗಳಲ್ಲಿನ ಇಂಗಾಲ ಪರೀಕ್ಷಿಸಿ, ಮಳೆ ಯಾವಾಗ ಜಾಸ್ತಿಯಿತ್ತು, ಯಾವಾಗ ಒಣ ಹುಲ್ಲುಗಾವಲು ಹರಡಿತ್ತು ಅಂತ ಹತ್ತಾರು ಸಾವಿರ ವರ್ಷಗಳ ಲೆಕ್ಕ ತೆಗೆದರು. ನಾವೋ ಊಟಿಗೆ ಹೋಗಿ ವರ್ಕಿ, ಚಾಕೊಲೇಟ್ ತರುತ್ತೇವೆ.

ಪೀಟ್ ಇರುವುದು ಭೂಮಿಯ ನೆಲದ ಶೇ. 3ರಷ್ಟರಲ್ಲಿ. ಹಿಡಿದಿಟ್ಟಿರುವ ಇಂಗಾಲ ಮಾತ್ರ ಲೋಕದ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ. ಕಾಲುವೆ ತೋಡಿ ನೀರು ಬಸಿದರೆ ಗಾಳಿ ಒಳಗೆ ಹೋಗುತ್ತದೆ, ಆ ಇಂಗಾಲ ಹೊರಗೆ ಬರುತ್ತದೆ. ಸ್ಕಾಟ್ಲೆಂಡಿನ ಫ್ಲೋ ಕಂಟ್ರಿಯಲ್ಲಿ ಆಗಿದ್ದು ಇದೇ. 1980ರ ದಶಕದಲ್ಲಿ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು, ಜನ ಪೀಟನ್ನು ಉತ್ತು ಸೂಚಿಪರ್ಣಿ ಮರ ಬೆಳೆಸಿದರು. ಮುಂದೆ ಆ ಮರಗಳನ್ನೇ ಕಡಿದು, ಕಾಲುವೆ ಮುಚ್ಚಿ ಜೌಗನ್ನು ಉಳಿಸಲು ಹೆಣಗಬೇಕಾಯಿತು. 2024ರಲ್ಲಿ ಯುನೆಸ್ಕೋ ಆ ಜೌಗನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾಗರಹೊಳೆಯ ಹಡ್ಲುಗಳನ್ನೇ, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲುಗಳನ್ನೇ ತಗೊಳ್ಳಿ. ಪೀಟಿನ ಮಾತು ಬಿಡಿ, ಬೇಸಿಗೆಯಲ್ಲಿ ಆನೆಗಳಿಗೆ ಹಸಿ ಹುಲ್ಲು ಸಿಗುವುದೇ ಅಲ್ಲಿ. ಅಲ್ಲಿ ಮರ ಯಾಕೆ ಬೇಕು? ಸಸಿ ಹಂಚುವ ಗೆಳೆಯರೇ, ಜಾಗವನ್ನು ಏಪ್ರಿಲ್‌ನಲ್ಲಿ ಒಮ್ಮೆ ನೋಡಿ ಬನ್ನಿ. ಆಗಲೂ ಕಾಲು ಹೂತುಹೋದರೆ ಗುದ್ದಲಿ ತರಬೇಡಿ.